ಹೊಲ ಒತ್ತೆಯಿಡುವ ಮೊದಲು

ಮಗ, ಸೊಸೆ, ಮೊಮ್ಮಗು ಮೂವರೂ ಬ್ರಿಟನ್ನಿನಲ್ಲಿ ನೆಲೆಸಲೆಂದು ಹೊಲ ಒತ್ತೆಯಿಡಹೊರಟ ಹಿರಿಯರು ನಮ್ಮಲ್ಲಿಗೆ ಆಶೀರ್ವಾದ ಬೇಡಿ ಬರುತ್ತಾರೆ. ವಿದ್ಯೆಗಾಗಿ ಕಡಲು ದಾಟುವುದನ್ನು ನಾವು ಬೇಡವೆನ್ನುವುದಿಲ್ಲ. ಆದರೆ ಒಂದು ವರ್ಷದ ಸಾಮಾನ್ಯ ಸ್ನಾತಕೋತ್ತರ ಓದಿಗೆ ಹೋಗುವವರು ಹೆಂಡತಿ ಮಕ್ಕಳನ್ನು ಕರೆದೊಯ್ಯುವುದನ್ನು ಅಲ್ಲಿನ ಸರ್ಕಾರ 2024ರ ಜನವರಿಯಿಂದ ನಿಲ್ಲಿಸಿದೆ. ಪಿಎಚ್.ಡಿ.ಯಂತಹ ಸಂಶೋಧನೆಗೆ, ಸರ್ಕಾರಿ ವಿದ್ಯಾರ್ಥಿವೇತನ ಪಡೆದವರಿಗೆ ಮಾತ್ರ ಅವಕಾಶವುಂಟು. ಓದು ಮುಗಿದ ಮೇಲೆ ದೊರೆಯುವ ಪದವೀಧರ ವೀಸಾದಲ್ಲೂ ಊರಲ್ಲಿ ಬಿಟ್ಟು ಹೋದ ಸಂಸಾರವನ್ನು ಹೊಸದಾಗಿ ಕರೆಸಿಕೊಳ್ಳುವಂತಿಲ್ಲ. ತಕ್ಕ ನೌಕರಿಯ ವೀಸಾ ಸಿಗುವವರೆಗೆ ಕಾಯಬೇಕು. ಅಲ್ಲಿಯವರೆಗೆ ತಂದೆಯ ತೊಡೆಯಿಲ್ಲದೆ ಬೆಳೆಯುವ ಕೂಸಿನ ಲೆಕ್ಕವನ್ನು ಯಾವ ಏಜೆಂಟನು ಹೇಳಿಯಾನು? ಹಿರಿಯರೇ, ಸೊಸೆಯನ್ನೂ ಕೂರಿಸಿಕೊಂಡು ಮಾತನಾಡಿ. ಅವಳು ಒಪ್ಪದ ಪಯಣಕ್ಕೆ ಭೂಮಿ ಒತ್ತೆಯಿಡಬೇಡಿ. ಸಂಶೋಧನೆಗೆ ಸೀಟು ದೊರೆತಿದ್ದರೆ ಸಂಸಾರ ಸಮೇತ ಹೋಗಲಿ, ನಮ್ಮ ಆಶೀರ್ವಾದವಿದೆ.