ವಠಾರದ ಬಾಗಿಲುಗಳು

ಎಂಜಿನಿಯರಿಂಗ್ ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಳೆದ ವಾರ ಮನೆಗೆ ಬಂದಿದ್ದಳು. ಮುಖ ಸಪ್ಪಗಿತ್ತು. ಮೂರು ತಿಂಗಳು ಹಳ್ಳಿ ಹಳ್ಳಿ ತಿರುಗಿ ಬಾವಿನೀರಿನ ಮಟ್ಟ ಅಳೆದು, ಆ ಅಂಕಿಗಳನ್ನೆಲ್ಲ ಕಾಲೇಜಿನ ಸರ್ವರಿನಲ್ಲಿ ಕೂಡಿಟ್ಟಿದ್ದಳು. ಅದೇ ಸರ್ವರ್ ಬಳಸುವ ಯಾರೋ ಅವನ್ನು ಅಳಿಸಿಬಿಟ್ಟಿದ್ದರು.

"ಹೊರಗಿನವರು ಬಾರದಂತೆ ಫೈರ್‌ವಾಲ್ ಇತ್ತು ಸಾರ್. ಡೇಟಾಬೇಸನ್ನು 127.0.0.1 ಎಂಬ ಒಳವಿಳಾಸಕ್ಕೆ ಮಾತ್ರ ಕಟ್ಟಿದ್ದೆ. ಇನ್ನು ಪಾಸ್‌ವರ್ಡ್ ಯಾಕೆ ಅಂದುಕೊಂಡೆ" ಎಂದಳು. ತಪ್ಪಿದ್ದೆಲ್ಲಿ?

ಹಳೆಯ ವಠಾರವನ್ನು ನೆನಪಿಸಿಕೊಳ್ಳಿ. ಹೆಬ್ಬಾಗಿಲು ಒಂದೇ, ಒಳಗೆ ಹಲವು ಸಂಸಾರ. ಹಲವರು ಹಂಚಿಕೊಂಡ ಸರ್ವರ್ ಕೂಡ ಹಾಗೆಯೇ. ಒಳಗಿನ ಬಾಗಿಲುಗಳಿಗೆ ಪೋರ್ಟ್ ಎಂದು ಹೆಸರು. ಪೋರ್ಟಿನ ಸಂಖ್ಯೆಗೆ 16 ಬಿಟ್ ಮೀಸಲು. ಆದ್ದರಿಂದ 0ಯಿಂದ 65,535ರವರೆಗೆ ಸಂಖ್ಯೆಗಳಿವೆ. ವೆಬ್ ಪುಟಗಳಿಗೆ 80 ಮತ್ತು 443, ಇ-ಅಂಚೆಯ ಸಾಗಣೆಗೆ 25, ದೂರದಿಂದ ಒಳಬರುವ ಎಸ್‌ಎಸ್‌ಎಚ್‌ಗೆ 22.

ಯುನಿಕ್ಸ್ ಕಾಲದಿಂದ ಬಂದ ಕಟ್ಟಳೆಯೊಂದಿದೆ. 1024ಕ್ಕಿಂತ ಕೆಳಗಿನ ಪೋರ್ಟುಗಳಲ್ಲಿ ಸೇವೆ ತೆರೆಯುವ ಹಕ್ಕು ಸಾಮಾನ್ಯವಾಗಿ 'ರೂಟ್' ಎಂಬ ಯಜಮಾನನದು. ಇಲ್ಲವಾದರೆ ಯಾವನೋ ತುಂಟ ನಕಲಿ ಲಾಗಿನ್ ಬಾಗಿಲು ಕೂರಿಸಿ ಎಲ್ಲರ ಪಾಸ್‌ವರ್ಡ್ ಕದ್ದಾನು! ಅದಕ್ಕಿಂತ ಮೇಲಿನ ಪೋರ್ಟನ್ನು ಯಾರು ಬೇಕಾದರೂ ತೆರೆಯಬಹುದು; ಮೊದಲು ಬಂದವರಿಗೆ ಮೊದಲು.

ಸಾಮಾನ್ಯ ಫೈರ್‌ವಾಲ್ ಎಂದರೆ ಹೆಬ್ಬಾಗಿಲ ಕಾವಲುಗಾರ. ವಠಾರದ ಒಳಗೆ ಯಾರು ಯಾರ ಬಾಗಿಲು ತಟ್ಟುತ್ತಾರೆಂದು ಆತ ನೋಡುವುದಿಲ್ಲ. 127.0.0.1 ಎಂದರೆ 'ನಾನು ಮಾತ್ರ' ಎಂದಲ್ಲ, 'ಈ ಯಂತ್ರದೊಳಗಿನವರೆಲ್ಲ' ಎಂದರ್ಥ. ಅವಳು ಎಡವಿದ್ದು ಇಲ್ಲೇ.

ಪರಿಹಾರ ಇಲ್ಲವೆಂದಲ್ಲ. ಲಿನಕ್ಸ್‌ನ ಐಪಿಟೇಬಲ್ಸ್‌ನಲ್ಲಿ 'ಓನರ್' ಎಂಬ ಸೌಲಭ್ಯವಿದೆ. ಮಾಹಿತಿಯ ಪೊಟ್ಟಣವನ್ನು ಕಳುಹಿಸುತ್ತಿರುವುದು ಯಾವ ಬಳಕೆದಾರನ ಪ್ರೋಗ್ರಾಮ್ ಎಂದು ಅದು ನೋಡುತ್ತದೆ. 'ಈ ಪೋರ್ಟಿಗೆ ಇಂಥವರು ಮಾತ್ರ ಹೋಗಬಹುದು' ಎಂದು ರೂಟ್ ನಿಯಮ ಬರೆಯಬಹುದು. ಆದರೆ ಈ ತಪಾಸಣೆ ಆ ಯಂತ್ರದಲ್ಲೇ ಹುಟ್ಟಿ ಹೊರಡುವ ಪೊಟ್ಟಣಗಳಿಗೆ ಮಾತ್ರ. ಹೊರಗಿನಿಂದ ಬಂದ ಪೊಟ್ಟಣದ ಮೇಲೆ ಕಳುಹಿಸಿದ ಬಳಕೆದಾರನ ಗುರುತು ಇರುವುದಿಲ್ಲ.

ರೂಟ್ ಅಲ್ಲದ ವಿದ್ಯಾರ್ಥಿಗಳ ಕೈಯಲ್ಲೂ ಎರಡು ಉಪಾಯಗಳಿವೆ. ಒಳವಿಳಾಸವೇ ಆದರೂ ಪಾಸ್‌ವರ್ಡ್ ಇಡುವುದು ಒಂದು. ಪೋರ್ಟಿನ ಬದಲು ಯುನಿಕ್ಸ್ ಸಾಕೆಟ್ ಬಳಸುವುದು ಇನ್ನೊಂದು. ಅದು ಕಡತದ ರೂಪದಲ್ಲಿರುವುದರಿಂದ, ನಿಮಗೆ ಮಾತ್ರ ಪ್ರವೇಶವಿರುವ ಫೋಲ್ಡರಿನಲ್ಲಿಟ್ಟರೆ ಬೇರೆ ಬಳಕೆದಾರರು ಮುಟ್ಟಲಾರರು.

ಅವಳ ಅಳತೆಗಳೆಲ್ಲ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಲ್ಲಿ ಉಳಿದಿದ್ದವು. ಈಗ ತಾಯಿ ಓದಿ ಹೇಳುತ್ತಾರೆ, ಮಗಳು ಮತ್ತೆ ಟೈಪ್ ಮಾಡುತ್ತಾಳೆ.

ನಿಮ್ಮ ಮನೆಯಲ್ಲಿ ಲಿನಕ್ಸ್ ಇದ್ದರೆ 'ಎಸ್‌ಎಸ್' ಎಂಬ ಆದೇಶದಿಂದ ಯಾವ ಯಾವ ಪೋರ್ಟ್ ತೆರೆದಿದೆಯೆಂದು ಪಟ್ಟಿ ಮಾಡಿ. ಪ್ರತಿಯೊಂದರ ಮುಂದೆ 'ಇದು ಯಾರಿಗಾಗಿ?' ಎಂದು ಬರೆಯಿರಿ. ಉತ್ತರ ಹೊಳೆಯದ ಬಾಗಿಲಿದ್ದರೆ ಗುರುಗಳನ್ನು ಕೇಳಿ.