ನೋಂದಣಿಯೇ ಬೇಡಿಕೆಯೇ? ‘ಫೌಜಿ’ ಆಟದ ಲೆಕ್ಕಾಚಾರ

ವಾಣಿಜ್ಯ ಸಂಸ್ಥೆಯ ಮಾಸಪತ್ರಿಕೆಯಲ್ಲಿ ಮೊಬೈಲ್ ಆಟವೊಂದರ ವಿಮರ್ಶೆಗೆ ಏನು ಕೆಲಸವೆಂದು ಹಿರಿಯ ಸದಸ್ಯರು ಹುಬ್ಬೇರಿಸಬಹುದು. ಬೆಲ್ಲ, ಅಕ್ಕಿ, ಎಳನೀರು, ರೇಷ್ಮೆಗೂಡುಗಳ ವ್ಯವಹಾರದಲ್ಲಿ ತೊಡಗಿರುವ ಮಂಡ್ಯ, ಮದ್ದೂರು, ಮಳವಳ್ಳಿಯ ವರ್ತಕರಿಗೆ ಮಕ್ಕಳ ಬಂದೂಕಿನ ಆಟ ಅನವಶ್ಯಕವೆಂದೇ ತೋರುವುದು ಸಹಜ. ಆದರೆ ಆಟವೂ ಒಂದು ಸರಕು. ಅದಕ್ಕೂ ತಯಾರಕನಿದ್ದಾನೆ, ಬಂಡವಾಳವಿದೆ, ಪ್ರತಿಸ್ಪರ್ಧಿಯಿದ್ದಾನೆ, ಕೈಕೊಟ್ಟು ಹೋಗುವ ಗ್ರಾಹಕನಿದ್ದಾನೆ. ಇಲ್ಲಿ ಪರಿಶೀಲಿಸಲು ಹೊರಟಿರುವ ‘ಫೌಜಿ’ ಆಟವನ್ನು ಹೊರತಂದ ಎನ್‌ಕೋರ್ ಗೇಮ್ಸ್ ಸಂಸ್ಥೆಯು ನಮ್ಮಿಂದ ನೂರು ಕಿಲೋಮೀಟರ್ ದೂರದ ಬೆಂಗಳೂರಿನದು. ಸರಕು ಸಿದ್ಧವಾಗುವ ಮೊದಲೇ ಅದರ ಹೆಸರನ್ನು ಮಾರುಕಟ್ಟೆಗೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಕಂಡಿಲ್ಲ.

ಒಂದು ಸ್ಪಷ್ಟನೆ ಅಗತ್ಯ. ಇದು ರಮ್ಮಿ, ಪೋಕರ್‌ಗಳಂತೆ ಹಣ ಪಣಕ್ಕಿಡುವ ಆಟವಲ್ಲ. ಅಂಥವುಗಳ ಮೇಲೆ 2023ರ ಅಕ್ಟೋಬರ್ 1ರಿಂದ ಶೇಕಡಾ 28ರ ಜಿಎಸ್‌ಟಿ ಬಂದದ್ದೂ, 2025ರ ಆಗಸ್ಟ್‌ನಲ್ಲಿ ಸಂಸತ್ತು ಪ್ರತ್ಯೇಕ ಕಾಯ್ದೆಯ ಮೂಲಕ ಅವುಗಳನ್ನು ನಿಷೇಧಿಸಿದ್ದೂ ಬೇರೆಯೇ ಕಥೆ. ಅದನ್ನು ಇದರೊಡನೆ ಬೆರೆಸಬಾರದು.

ಹಿನ್ನೆಲೆ ಹೀಗಿದೆ. 2020ರ ಜೂನ್ 15ರಂದು ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಮಂದಿ ಯೋಧರು ಹುತಾತ್ಮರಾದರು. ಚೀನೀ ಸರಕುಗಳ ಬಹಿಷ್ಕಾರದ ಕೂಗು ಊರೂರಿನಲ್ಲಿ ಎದ್ದಿತು. ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರವು ಪಬ್ಜಿ ಮೊಬೈಲ್ ಸೇರಿದಂತೆ 118 ಆ್ಯಪ್‌ಗಳನ್ನು ನಿಷೇಧಿಸಿತು. ಎರಡೇ ದಿನಗಳ ನಂತರ, ಸೆಪ್ಟೆಂಬರ್ 4ರಂದು, ನಟ ಅಕ್ಷಯ್ ಕುಮಾರ್ ಅವರು ‘ಫೌಜಿ’ ಎಂಬ ಸ್ವದೇಶಿ ಆಟ ಬರಲಿದೆಯೆಂದು ಪ್ರಕಟಿಸಿದರು. ನಿವ್ವಳ ಆದಾಯದ ಶೇಕಡಾ 20ರಷ್ಟು ‘ಭಾರತ್ ಕೇ ವೀರ್’ ನಿಧಿಗೆ ಸಲ್ಲುವುದೆಂದು ಘೋಷಿಸಲಾಯಿತು. ವ್ಯಾಪಾರಿಯ ಕಣ್ಣಿನಿಂದ ನೋಡಿದರೆ ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗಲಾರದು. ಎದುರು ಅಂಗಡಿಗೆ ಸರ್ಕಾರವೇ ಬೀಗ ಹಾಕಿದೆ, ಗಿರಾಕಿಗಳು ಬೀದಿಯಲ್ಲಿ ನಿಂತಿದ್ದಾರೆ, ದೇಶಾಭಿಮಾನ ತುಂಬಿ ಹರಿಯುತ್ತಿದೆ.

ನವೆಂಬರ್ 30ರಂದು ಮುಂಗಡ ನೋಂದಣಿ ಆರಂಭವಾದಾಗ ಮೊದಲ 24 ಗಂಟೆಗಳಲ್ಲಿಯೇ 10 ಲಕ್ಷಕ್ಕೂ ಮಿಕ್ಕಿದ ಜನ ಹೆಸರು ಬರೆಸಿದರು. 2021ರ ಜನವರಿ 26ರ ಗಣರಾಜ್ಯೋತ್ಸವದಂದು ಆಟ ಬಿಡುಗಡೆಯಾಗುವ ವೇಳೆಗೆ ಈ ಸಂಖ್ಯೆ 40 ಲಕ್ಷವನ್ನು ದಾಟಿತ್ತು. ಪತ್ರಿಕೆಗಳು ಇದನ್ನು ‘ಬೇಡಿಕೆ’ ಎಂದೇ ಬರೆದವು. ನಮ್ಮ ವೃತ್ತಿಯವರು ಆ ಪದವನ್ನು ಬಳಸಲು ಹಿಂಜರಿಯುತ್ತಾರೆ. ಬಿಡಿಗಾಸನ್ನೂ ಕೊಡದೆ, ಬೆರಳಿನಿಂದ ಒಮ್ಮೆ ಒತ್ತಿ ಹೋದವನು ಆಸ್ತಿ-ಹೊಣೆ ಪಟ್ಟಿಯ ಯಾವ ಬದಿಗೂ ಸೇರುವುದಿಲ್ಲ. ಅವನು ಮುಂಗಡ ಕೊಟ್ಟ ಗ್ರಾಹಕನಲ್ಲ, ಬಾಕಿ ಉಳಿಸಿಕೊಂಡ ಸಾಲಗಾರನೂ ಅಲ್ಲ. ಅವನ ಕುತೂಹಲಕ್ಕೆ ಒಂದು ಅವಧಿಯಿದೆ, ಆ ಅವಧಿ ಬಹಳ ಚಿಕ್ಕದು.

ಇನ್ನು ಸರಕಿನ ವಿಚಾರ. ಪಬ್ಜಿಯಲ್ಲಿ ಹುಡುಗರನ್ನು ಹಿಡಿದಿಟ್ಟಿದ್ದು ಬಂದೂಕಿಗಿಂತ ಹೆಚ್ಚಾಗಿ ಸಂಗಡಿಗರು. ಮಳವಳ್ಳಿಯ ಹುಡುಗ, ಮೈಸೂರಿನ ಸೋದರಸಂಬಂಧಿ, ಪುಣೆಯ ಅಪರಿಚಿತ, ಎಲ್ಲರೂ ಒಂದೇ ಹೊತ್ತಿಗೆ ಒಂದೇ ಬಯಲಿಗಿಳಿದು, ಮಾತನಾಡುತ್ತ ಆಡುವ ಆಟವದು. ಫೌಜಿಗಾಗಿ ಕಾದವರು ನಿರೀಕ್ಷಿಸಿದ್ದೂ ಅದನ್ನೇ. ಆದರೆ ಬಿಡುಗಡೆಯ ದಿನ ದೊರೆತದ್ದು ಒಬ್ಬನೇ ಕುಳಿತು ಆಡುವ ಗಾಲ್ವಾನ್ ಕಥೆ ಮಾತ್ರ. ಹಲವರು ಕೂಡಿ ಆಡುವ ಎರಡು ವಿಭಾಗಗಳಿಗೆ ‘ಶೀಘ್ರದಲ್ಲಿ’ ಎಂಬ ಫಲಕ ತೂಗಿತ್ತು. ಕಥಾಭಾಗದಲ್ಲಿ ಬಂದೂಕು ಇರಲಿಲ್ಲ, ಮುಷ್ಟಿಯಿಂದಲೂ ಕೈಗೆ ಸಿಕ್ಕ ಆಯುಧದಿಂದಲೂ ಹೊಡೆದಾಡಬೇಕಿತ್ತು. ಗಾಲ್ವಾನ್‌ನಲ್ಲಿ ನಡೆದದ್ದೂ ಹಾಗೆಯೇ ಆದ್ದರಿಂದ ಇದನ್ನು ತಪ್ಪೆನ್ನಲಾಗದು. ಹಿಮದ ದಾರಿಯಲ್ಲಿ ಸಾಗಿ, ಎದುರಾದವರನ್ನು ಹೊಡೆದು, ಬೆಂಕಿಯ ಪಕ್ಕದಲ್ಲಿ ಕುಳಿತು ಸುಧಾರಿಸಿಕೊಂಡು ಮತ್ತೆ ಸಾಗುವುದು. ಚಿತ್ರಗಳು ಚೆನ್ನಾಗಿವೆ, ಹಿನ್ನೆಲೆಯ ಸಂಗೀತವೂ ಅಡ್ಡಿಯಿಲ್ಲ. ಆದರೆ ಅರ್ಧ ಗಂಟೆಯಲ್ಲಿ ಕಂಡದ್ದನ್ನೇ ಮುಂದಿನ ಅರ್ಧ ಗಂಟೆಯೂ ಕಾಣಬೇಕಾಗುತ್ತದೆ. ವೈರಿಗಳು ತಮ್ಮ ಸರದಿಗಾಗಿ ಕಾದು ನಿಂತು ಒಬ್ಬೊಬ್ಬರಾಗಿ ಪೆಟ್ಟು ತಿನ್ನಲು ಬರುವುದನ್ನು ಕಂಡು ನಮ್ಮ ಕಚೇರಿಯ ತರಬೇತಿ ಹುಡುಗರು ನಕ್ಕಿದ್ದುಂಟು. ಗೂಗಲ್ ಪ್ಲೇ ಮಳಿಗೆಯಲ್ಲಿ ಐದಕ್ಕೆ ನಾಲ್ಕರ ಮೇಲೆ ಆರಂಭವಾದ ಅಂಕ ಕೆಲವೇ ದಿನಗಳಲ್ಲಿ ಮೂರರ ಆಸುಪಾಸಿಗೆ ಇಳಿಯಿತು.

ಕೂಡಿ ಆಡುವ ವಿಭಾಗದ ಪ್ರಾಯೋಗಿಕ ಆವೃತ್ತಿ ಬಂದದ್ದು 2021ರ ಜೂನ್‌ನಲ್ಲಿ. ಅದೂ ಸೀಮಿತ ಸಂಖ್ಯೆಯ ಆಟಗಾರರಿಗೆ. ಜುಲೈ 2ರಂದು ಕೊರಿಯಾದ ಕ್ರಾಫ್ಟನ್ ಸಂಸ್ಥೆಯು ಪಬ್ಜಿಯನ್ನೇ ಬಿಜಿಎಂಐ ಎಂಬ ಹೆಸರಿನಲ್ಲಿ ಭಾರತಕ್ಕೆ ಮರಳಿ ತಂದಿತು. ಅದಕ್ಕೂ ಮುಂಗಡ ನೋಂದಣಿ ನಡೆದಿತ್ತು, ಎರಡೇ ವಾರಗಳಲ್ಲಿ 2 ಕೋಟಿ. ಹಾಗಾದರೆ ಅಲ್ಲಿ ನೋಂದಣಿಯು ಬೇಡಿಕೆಯಾದದ್ದು ಹೇಗೆಂದು ಯಾರಾದರೂ ಕೇಳಬಹುದು. ಅಲ್ಲಿ ಹೆಸರು ಬರೆಸಿದವರು ಸರಕನ್ನು ಆಗಲೇ ವರ್ಷಗಟ್ಟಲೆ ಬಳಸಿದ್ದರು. ತಿಂದು ನೋಡಿದ ವಡೆಯನ್ನು ಮತ್ತೆ ಕೇಳುವವನೂ, ಹೊಸ ಅಂಗಡಿಯ ಫಲಕ ನೋಡಿ ಒಳಗೆ ಇಣುಕುವವನೂ ಒಂದೇ ಅಲ್ಲವಷ್ಟೆ.

ಇಲ್ಲಿ ಕೂಡಿ ಆಡುವ ಆಟದ ಒಂದು ವಿಶೇಷವನ್ನು ಗಮನಿಸಬೇಕು. ನಾವು ಮಾರುವ ಸರಕು ನಮ್ಮ ಗೋದಾಮಿನಲ್ಲಿರುತ್ತದೆ. ಇಂಥ ಆಟದಲ್ಲಾದರೋ ಗ್ರಾಹಕನಿಗೆ ಇನ್ನೊಬ್ಬ ಗ್ರಾಹಕನೇ ಸರಕು. ಮದ್ದೂರಿನ ಎಳನೀರು ಮಾರುಕಟ್ಟೆಯನ್ನು ನೆನೆಯಿರಿ. ರೈತ ಕಾಯಿ ತರುವುದು ಹೊರಗಿನ ಲಾರಿಗಳು ಬರುತ್ತವೆಂಬ ಭರವಸೆಯಿಂದ, ಲಾರಿಯವರು ಬರುವುದು ಕಾಯಿ ಇರುತ್ತದೆಂಬ ಭರವಸೆಯಿಂದ. ಎರಡರಲ್ಲಿ ಒಂದು ನಾಲ್ಕು ದಿನ ತಪ್ಪಿದರೆ ಪ್ರಾಂಗಣ, ತೂಕದ ಯಂತ್ರ, ಕಚೇರಿ ಎಲ್ಲವೂ ಇದ್ದೂ ಮಾರುಕಟ್ಟೆ ಇರುವುದಿಲ್ಲ. ಆಟಕ್ಕೆ ಬಂದವನು ಎದುರಾಳಿ ಸಿಗದೆ ಎರಡು ನಿಮಿಷ ಕಾದರೆ ಹೊರಟುಹೋಗುತ್ತಾನೆ. ಅವನು ಹೋದದ್ದರಿಂದ ಮುಂದಿನವನು ಮೂರು ನಿಮಿಷ ಕಾಯಬೇಕಾಗುತ್ತದೆ. ಸಂಖ್ಯೆ ಸಾಲದಾದಾಗ ಯಂತ್ರಚಾಲಿತ ಗೊಂಬೆಗಳನ್ನು ಆಟಗಾರರೆಂದು ತುಂಬಿಸುವುದು ಈ ಉದ್ಯಮದ ವಾಡಿಕೆ, ಅನುಭವವುಳ್ಳ ಹುಡುಗರು ಅದನ್ನು ಕ್ಷಣದಲ್ಲಿ ಪತ್ತೆಹಚ್ಚುತ್ತಾರೆ. ಇಷ್ಟಾದರೂ ಸರ್ವರ್‌ಗಳ ಬಾಡಿಗೆ, ನಿರ್ವಹಣಾ ಸಿಬ್ಬಂದಿಯ ಸಂಬಳ ತಿಂಗಳು ತಿಂಗಳಿಗೂ ಬೀಳುತ್ತಲೇ ಇರುತ್ತವೆ. ಅಂದರೆ ಮೊದಲ ದಿನದ ಜನಸಂದಣಿ ಇಂಥ ಆಟಕ್ಕೆ ಬಂಡವಾಳಕ್ಕೆ ಸಮಾನ. ಫೌಜಿಯವರು ಆ ಸಂದಣಿಯನ್ನು ಕೂಡಿಸಿದರು, ಆದರೆ ಒಬ್ಬರನ್ನೊಬ್ಬರು ಭೇಟಿಯಾಗಲು ಜಾಗವಿಲ್ಲದ ಕೋಣೆಗಳಿಗೆ ಒಬ್ಬೊಬ್ಬರನ್ನಾಗಿ ಕಳುಹಿಸಿದರು.

ದೊಡ್ಡ ದೇಶದ ದೊಡ್ಡ ಸಂಸ್ಥೆಗಳೂ ಇದರಲ್ಲಿ ಎಡವಿವೆ. ಅಮೆರಿಕದ ಬೆಥೆಸ್ಡಾ ಸಂಸ್ಥೆಯ ‘ಫಾಲ್‌ಔಟ್’ ಎಂಬುದು 1997ರಿಂದ ಒಬ್ಬರೇ ಆಡುತ್ತ ಬಂದಿದ್ದ ಹೆಸರಾಂತ ಸರಣಿ. 2018ರ ನವೆಂಬರ್ 14ರಂದು ‘ಫಾಲ್‌ಔಟ್ 76’ ಎಂಬ ಹೆಸರಿನಲ್ಲಿ ಅದನ್ನು ಆನ್‌ಲೈನ್‌ನಲ್ಲಿ ಕೂಡಿ ಆಡುವ ಆಟವನ್ನಾಗಿಸಿದರು. ಮಾತನಾಡಿಸಲು ಕಥೆಯ ಮನುಷ್ಯ ಪಾತ್ರಗಳೇ ಇಲ್ಲದ ಬರಡು ಊರು, ಹೆಜ್ಜೆ ಹೆಜ್ಜೆಗೂ ತಾಂತ್ರಿಕ ದೋಷ. ಅದಕ್ಕಿಂತ ನಮ್ಮವರಿಗೆ ಬೋಧಪ್ರದವಾದದ್ದು ಚೀಲದ ಪ್ರಸಂಗ. 200 ಡಾಲರ್‌ಗಳ ವಿಶೇಷ ಆವೃತ್ತಿಯೊಡನೆ ಕ್ಯಾನ್ವಾಸ್ ಚೀಲ ಕೊಡುವುದಾಗಿ ಜಾಹೀರಾತಿನಲ್ಲಿ ಹೇಳಿ, ತೆಳು ನೈಲಾನ್ ಚೀಲ ಕಳುಹಿಸಿದರು. ಗ್ರಾಹಕರು ದೂರಿದಾಗ ಪರಿಹಾರವೆಂದು ಕೊಡಲು ಹೊರಟದ್ದು ಆಟದೊಳಗೆ ಮಾತ್ರ ಚಲಾವಣೆಯಾಗುವ, ಸುಮಾರು 5 ಡಾಲರ್ ಬೆಲೆಯ ನಾಣ್ಯ. ನಮ್ಮಲ್ಲಿ 1930ರ ಸರಕು ಮಾರಾಟ ಕಾಯ್ದೆಯ 15ನೆಯ ಕಲಮನ್ನು ಓದಿದ ಯಾವ ಗುಮಾಸ್ತನೂ ಇದು ವರ್ಣನೆಗೆ ಹೊಂದದ ಸರಕೆಂದು ಹೇಳಿಯಾನು. ಕೋಲಾಹಲವೆದ್ದ ಮೇಲೆ ಕೇಳಿದವರಿಗೆ ಕ್ಯಾನ್ವಾಸ್ ಚೀಲವನ್ನೇ ಮಾಡಿಸಿಕೊಡಲು ಒಪ್ಪಿದರು.

ಆದರೂ ಆ ಸಂಸ್ಥೆಯನ್ನು ಒಂದು ವಿಷಯಕ್ಕೆ ಮೆಚ್ಚಬೇಕು. ಅಂಗಡಿ ಮುಚ್ಚಲಿಲ್ಲ. ಒಂದೂವರೆ ವರ್ಷ ತಿದ್ದಿ, 2020ರ ಏಪ್ರಿಲ್‌ನಲ್ಲಿ ಮನುಷ್ಯ ಪಾತ್ರಗಳನ್ನು ಸೇರಿಸಿದರು. ಆಡುವವರು ನಿಧಾನವಾಗಿ ಮರಳಿದರು. ಹೀಗೆ ಕಾಯಲು ಅವರ ಬೆನ್ನಿಗೆ ಹಳೆಯ ಆಟಗಳ ಗಳಿಕೆಯಿತ್ತು. ಮೊದಲ ಸರಕಿನಲ್ಲಿಯೇ ಹೆಸರು ಕೆಟ್ಟ ಸಣ್ಣ ಉದ್ದಿಮೆಗೆ ಆ ಅವಕಾಶ ಎಲ್ಲಿಂದ ಬರಬೇಕು?

ಫೌಜಿಗೆ ಅದೃಷ್ಟ ಎರಡನೆಯ ಬಾರಿಯೂ ಬಾಗಿಲು ತಟ್ಟಿತ್ತು. 2022ರ ಜುಲೈ 28ರಂದು ಬಿಜಿಎಂಐಯನ್ನೂ ಸರ್ಕಾರ ತಡೆಯಿತು. 2023ರ ಮೇ ತಿಂಗಳವರೆಗೆ ಹತ್ತು ತಿಂಗಳ ಕಾಲ ಎದುರು ಅಂಗಡಿ ಮತ್ತೆ ಮುಚ್ಚಿತ್ತು. ಆ ಹೊತ್ತಿನಲ್ಲಿ ಆ ಗಿರಾಕಿಯನ್ನು ಹಿಡಿದು ನಿಲ್ಲಿಸಬಲ್ಲ ಸರಕು ಇವರ ಅಟ್ಟದ ಮೇಲೆ ಇರಲಿಲ್ಲ. ಪುಣೆಯ ಸೂಪರ್‌ಗೇಮಿಂಗ್‌ನವರ ‘ಇಂಡಸ್’ ಕೂಡ ಹೊರಬಂದದ್ದು 2024ರ ಅಕ್ಟೋಬರ್‌ನಲ್ಲಿ. ಪೂರ್ಣವಾಗಿ ಕೂಡಿ ಆಡುವಂತೆ ರೂಪಿಸಿದ ‘ಫೌಜಿ: ಡಾಮಿನೇಷನ್’ ಅನ್ನು ಡಾಟ್‌ನೈನ್ ಗೇಮ್ಸ್ ತಯಾರಿಸಿ, ನಜಾರಾ ಪ್ರಕಟಿಸಿದ್ದು 2025ರ ಜನವರಿ 30ರಂದು. ಐದೈದು ಜನರ ತಂಡಗಳ ಕಾಳಗ, ಭಾರತದ ಊರುಗಳ ಹಿನ್ನೆಲೆ, ಕೈಗೆ ಬಂದೂಕು. ಆಟವಾಗಿ ಮೊದಲನೆಯದಕ್ಕಿಂತ ಇದು ಎಷ್ಟೋ ಮೇಲು, ಪಂದ್ಯಗಳು ಬೇಗ ಮುಗಿಯುತ್ತವೆ, ಊರಿನ ಗೋಡೆಬರಹ ಕಂಡರೆ ಸಂತೋಷವೂ ಆಗುತ್ತದೆ. ಆದರೆ ಸಂಗಡಿಗರೆಲ್ಲ ಬೇರೆಡೆ ನೆಲೆನಿಂತ ಮೇಲೆ ಬಂದ ಆಟವಿದು. ವಿದೇಶೀ ಆಟಗಳಲ್ಲಿ ಕಂಡ ನಡೆಗಳೇ ಇಲ್ಲಿಯೂ ಕಾಣುವಾಗ, ಅಲ್ಲಿ ವರ್ಷಗಳಿಂದ ಗಳಿಸಿದ ಪದವಿ, ಉಡುಪು, ಗೆಳೆತನಗಳನ್ನು ಬಿಟ್ಟು ಬರಲು ಹುಡುಗನಿಗೆ ಸ್ವದೇಶಿ ಎಂಬ ಒಂದೇ ಕಾರಣ ಸಾಲದು. ನನಗೆ ಹೆಚ್ಚು ನಿರಾಸೆ ತಂದದ್ದು ಇದೇ, ಏಕೆಂದರೆ 2022ರಲ್ಲಿ ಬಂದಿದ್ದರೆ ಇದೇ ಸರಕು ಓಡುತ್ತಿತ್ತು.

ನಮ್ಮ ಜಿಲ್ಲೆಯಲ್ಲಿ ಈಗ ಇದಕ್ಕೆ ಹತ್ತಿರದ ಉತ್ಸಾಹ ಬೆಲ್ಲದ ಸುತ್ತ ಕಾಣುತ್ತಿದೆ. ಒಂದು ಜಿಲ್ಲೆ ಒಂದು ಉತ್ಪನ್ನ ಯೋಜನೆಯಲ್ಲಿ ಮಂಡ್ಯಕ್ಕೆ ಬೆಲ್ಲವೇ ಆಯ್ಕೆಯಾಗಿದೆ. ‘ಮಂಡ್ಯದ ಸಾವಯವ ಬೆಲ್ಲ’ ಎಂದು ಅಂದದ ಡಬ್ಬಿ ಮಾಡಿಸಿ, ಮೊಬೈಲ್‌ನಲ್ಲಿ ಜಾಹೀರಾತು ಹಾಕಿ, ‘ಇಷ್ಟು ಸಾವಿರ ಜನ ವಿಚಾರಿಸಿದ್ದಾರೆ’ ಎಂಬ ಪಟ್ಟಿಯೊಡನೆ ಬ್ಯಾಂಕ್ ಸಾಲದ ಯೋಜನಾ ವರದಿಗಾಗಿ ಬರುವ ಯುವಕರು ಉಂಟು. ಆಲೆಮನೆಯಲ್ಲಿ ಸಕ್ಕರೆ ಬೆರೆಸುವುದನ್ನೂ, ಬಣ್ಣ ತಿಳಿಯಾಗಲೆಂದು ರಾಸಾಯನಿಕ ಹಾಕುವುದನ್ನೂ ನಾವೆಲ್ಲ ಬಲ್ಲೆವು. ಡಬ್ಬಿಯ ಮೇಲಿನ ಮಾತಿಗೂ ಒಳಗಿನ ಅಚ್ಚಿಗೂ ಅಂತರವಿದ್ದರೆ ಬೆಂಗಳೂರಿನ ಗೃಹಿಣಿ ಒಂದು ನಕ್ಷತ್ರ ಒತ್ತಿ ಸುಮ್ಮನಾಗುತ್ತಾಳೆ. ಆಕೆ ದೂರುವುದು ನಿಮ್ಮ ಅಂಗಡಿಯನ್ನಲ್ಲ, ಮಂಡ್ಯದ ಬೆಲ್ಲವನ್ನು. ಒಳ್ಳೆಯ ಬೆಲ್ಲ ಕಾಯಿಸುವವನಿಗೂ ಆ ನಷ್ಟ ತಟ್ಟುತ್ತದೆ.

ಆದ್ದರಿಂದ ಅಂಥ ವರದಿಗಳಲ್ಲಿ ವಿಚಾರಿಸಿದವರ ಸಂಖ್ಯೆಯನ್ನು ಮಾರಾಟದ ಅಂದಾಜಿನ ಕಲಂಗೆ ಸೇರಿಸಲು ನಾನು ಒಪ್ಪುವುದಿಲ್ಲ. ಮೊದಲ ಕಂತಿನ ಸರಕನ್ನು ಚಿಕ್ಕ ಪ್ರಮಾಣದಲ್ಲಿ ಕಳುಹಿಸಿ, ಎರಡನೆಯ ಬಾರಿ ಹಣ ಕೊಟ್ಟು ತರಿಸಿಕೊಂಡವರ ಸಂಖ್ಯೆಯನ್ನು ಮೂರು ತಿಂಗಳ ನಂತರ ತರುವಂತೆ ಹೇಳುತ್ತೇನೆ. ಮಗನ ಸ್ನೇಹಿತರು ಆಟದ ಕಂಪನಿ ತೆರೆಯುತ್ತಾರೆಂದು ಹಣ ಹೂಡಲು ಯೋಚಿಸುವ ಸದಸ್ಯರೂ ನೋಂದಣಿಯ ಸಂಖ್ಯೆಯನ್ನು ಬದಿಗಿಟ್ಟು, ಆಟ ಇಳಿಸಿಕೊಂಡ ಮೂವತ್ತನೆಯ ದಿನ ಮರಳಿ ಬಂದು ಆಡಿದವರೆಷ್ಟು ಎಂಬುದನ್ನೂ, ಆ ಪೈಕಿ ಪಂದ್ಯಕ್ಕಾಗಿ ಸರಾಸರಿ ಎಷ್ಟು ಸೆಕೆಂಡ್ ಕಾಯಬೇಕಾಯಿತು ಎಂಬುದನ್ನೂ ಲಿಖಿತವಾಗಿ ಕೇಳತಕ್ಕದ್ದು. ಎರಡೂ ಅವರ ಸರ್ವರ್‌ನಲ್ಲಿ ದಾಖಲಾಗಿರುತ್ತವೆ, ಕೊಡಲು ಒಂದು ದಿನದ ಕೆಲಸ.