ಕೂಸಿನ ಔಷಧದ ಅಳತೆ ಕನ್ನಡದಲ್ಲಿ ಹೇಳಿ!

ಕನ್ನಡದ ಯುವಕ ಯುವತಿಯರೇ, ಮಕ್ಕಳಿಗೆ ಔಷಧ ಕೊಡುವುದು ತೂಕ ನೋಡಿ. ಜ್ವರದ ಪ್ಯಾರಾಸಿಟಮಾಲ್ ಸಿರಪ್ಪನ್ನೇ ತೆಗೆದುಕೊಳ್ಳಿ. 5 ಮಿಲಿಯಲ್ಲಿ 125 ಮಿಲಿಗ್ರಾಂ ಇರುವ ಬಾಟಲಿಯೂ ಉಂಟು, 250 ಇರುವುದೂ ಉಂಟು. 8 ಕಿಲೋ ಕೂಸಿಗೆ ಒಂದು ಹೊತ್ತಿಗೆ ಮೊದಲನೆಯದು 5 ಮಿಲಿ ಸಾಕು. ಎರಡನೆಯದನ್ನೂ ಅಷ್ಟೇ ಕುಡಿಸಿದರೆ ದುಪ್ಪಟ್ಟು! ಇದನ್ನು ನರ್ಸ್ ಇಂಗ್ಲಿಷಿನಲ್ಲಿ ಹೇಳಿದರೆ, ಕನ್ನಡವಷ್ಟೇ ಬಲ್ಲ ತಾಯಿ ಸುಮ್ಮನೆ ತಲೆಯಾಡಿಸಿ ಮನೆಗೆ ಹೋಗುತ್ತಾಳೆ.

ತಪ್ಪು ಯಾರದು? ದೂರದೂರಿನಿಂದ ಬಂದು ರಾತ್ರಿಪಾಳಿ ದುಡಿಯುವ ಆ ಹೆಣ್ಣುಮಗಳದಲ್ಲ. ಆಕೆಗೆ ನಾಲ್ಕು ಮಾತು ಕನ್ನಡ ಕಲಿಸದ ಆಸ್ಪತ್ರೆಯ ಆಡಳಿತದ್ದು! ಅಳತೆಯನ್ನು ಕನ್ನಡದಲ್ಲಿ ಬರೆದುಕೊಡಲಿ. ತಾಯಿಯ ಕೈಯಿಂದಲೇ ಒಮ್ಮೆ ಅಳೆಸಿ ನೋಡಲಿ. ಆಸ್ಪತ್ರೆಗೆ ಹೋದಾಗ ನೀವೇ ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಕೊಡುವವರಿಲ್ಲ!